ಕನ್ನಡ ಮೀಡಿಯಂ ಮಗಳಿಗೆ ಕೋಡಿಂಗ್ ಕೋರ್ಸು ಬೇಕಾ?

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮೀಡಿಯಂ ಎಯ್ಡೆಡ್ ಶಾಲೆಯಲ್ಲಿ ಎಂಟನೇ ಕ್ಲಾಸು. ಶಾಲೆಯಲ್ಲಿ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಎಲ್ಲ ಇದೆ, ಆದರೆ ಜಾಸ್ತಿ ಹೊತ್ತು ವಿಡಿಯೋ ನೋಡುವುದೇ ಅಂತ ಅವಳು ಹೇಳುತ್ತಾಳೆ. ಆನ್‌ಲೈನ್ ಕೋಡಿಂಗ್ ಕಂಪನಿಯವರು ದಿನಾ ಫೋನ್ ಮಾಡಿ, ಒಂದು ವರ್ಷದ ಕೋರ್ಸಿಗೆ ಸೇರಿಸಿ, ಕಂತಿನಲ್ಲಿ ಕಟ್ಟಿದರೆ ಸಾಕು ಅನ್ನುತ್ತಿದ್ದಾರೆ. ಕನ್ನಡದಲ್ಲಿ ಓದಿದರೆ ಕಂಪ್ಯೂಟರ್ ತಲೆಗೆ ಹತ್ತುವುದಿಲ್ಲ, ಇಂಗ್ಲಿಷ್ ಮೀಡಿಯಂಗೆ ಹಾಕಿ ಅಂತ ಸಂಬಂಧಿಕರ ಒತ್ತಾಯ ಬೇರೆ. ಕೋರ್ಸು ಬೇಕಾ? ಮೀಡಿಯಂ ಬದಲಿಸಬೇಕಾ? ಲ್ಯಾಪ್‌ಟಾಪ್ ತೆಗೆದುಕೊಡಬೇಕಾ?

ಉತ್ತರ: ಕೋರ್ಸು ಬೇಡ. ಮೀಡಿಯಂ ಬದಲಿಸುವುದೂ ಬೇಡ, ಕಂಪ್ಯೂಟರಿನ ಕಾರಣಕ್ಕಂತೂ ಖಂಡಿತಾ ಬೇಡ. ಲ್ಯಾಪ್‌ಟಾಪ್ ವಿಷಯ ಕೊನೆಗೆ ಹೇಳುತ್ತೇನೆ, ಅದಕ್ಕೆ ಅವಸರ ಇಲ್ಲ.

ಮೊದಲು ಮೀಡಿಯಂ ಬಗ್ಗೆಯೇ ಮಾತಾಡೋಣ. ಯಾಕೆಂದರೆ ಈ ಮಾತು ಕುಂಬಳೆ, ಪೆರ್ಲ, ಮುಳ್ಳೇರಿಯ ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ, ಇದನ್ನು ನಂಬಿ ಎಷ್ಟೋ ಮನೆಯವರು ಒಳ್ಳೆ ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸಿದ್ದಾರೆ. ಕಂಪ್ಯೂಟರಿಗೆ ಇಂಗ್ಲಿಷ್ ಬೇಕು ಅನ್ನುವವರು ಎಷ್ಟು ಇಂಗ್ಲಿಷ್ ಬೇಕು ಅಂತ ಎಣಿಸಿ ನೋಡಿರುವುದಿಲ್ಲ. ನಿಮ್ಮ ಮಗಳು ಹೈಸ್ಕೂಲಿನಲ್ಲಿ ಕಲಿಯುವ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಾಯ್ದಿಟ್ಟ ಪದಗಳು, ಅಂದರೆ ಆ ಭಾಷೆ ತನ್ನ ಬಳಕೆಗೇ ಇಟ್ಟುಕೊಂಡ ಪದಗಳು, ಒಟ್ಟು 35. 'ಇಫ್', 'ಎಲ್ಸ್', 'ಫಾರ್', 'ವೈಲ್' ಇಂಥವು. ಅದರಲ್ಲೂ ಶಾಲೆಯ ಮಟ್ಟಕ್ಕೆ ಅರ್ಧ ಸಾಕು. ಪ್ರಿಂಟ್, ಇನ್‌ಪುಟ್ ಥರದ ಇನ್ನೊಂದಿಷ್ಟು ಹೆಸರು ಸೇರಿಸಿ. ಎಂಟನೇ ಕ್ಲಾಸಿನ ಹುಡುಗಿಗೆ ಇದು ಒಂದು ವಾರದ ಕೆಲಸ. ಉಳಿದದ್ದೆಲ್ಲ ಕನ್ನಡದಲ್ಲೇ ಬರೆಯಬಹುದು. ಬೆಲೆ, ತೂಕ, ಒಟ್ಟು ಅಂತ ಕನ್ನಡ ಅಕ್ಷರದಲ್ಲೇ ಹೆಸರು ಕೊಟ್ಟು ಲೆಕ್ಕ ಬರೆದರೆ ಈಗಿನ ಪೈಥಾನ್ ತಕರಾರಿಲ್ಲದೆ ಓದುತ್ತದೆ. ಪ್ರೋಗ್ರಾಂ ಕೇಳಿದ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದರೂ ಅದಕ್ಕೆ ಅರ್ಥವಾಗುತ್ತದೆ.

ಪದ ಗೊತ್ತಿಲ್ಲದೆ ಯಾವ ಮಗುವೂ ಸೋಲುವುದಿಲ್ಲ. ಮುಂದೇನು ಮಾಡಬೇಕು ಅಂತ ಹಂತ ಹಂತವಾಗಿ ಯೋಚಿಸಲು ಬಾರದಿದ್ದರೆ ಕಷ್ಟ. ಆ ಯೋಚನೆ ನಡೆಯುವುದು ಮನೆಮಾತಿನಲ್ಲಿ, ಅಥವಾ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ. ನಿಮ್ಮ ಮಗಳು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮಾತಾಡುತ್ತಿರಬಹುದು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಪೇಟೆಯಲ್ಲಿ ಮಲಯಾಳಂ. ನಮ್ಮ ಊರಿನ ಮಕ್ಕಳಿಗೆ ಇದು ಹೊರೆ ಅಂತ ಎಲ್ಲರೂ ಹೇಳುತ್ತಾರೆ. ಕಂಪ್ಯೂಟರ್ ಕಲಿಸುವವನಾಗಿ ನನಗೆ ಇದು ದೊಡ್ಡ ಆಸ್ತಿಯಾಗಿ ಕಾಣುತ್ತದೆ. ಯಾಕೆ ಅಂತ ಒಂದು ಪಾಠದ ಮೂಲಕವೇ ತೋರಿಸುತ್ತೇನೆ. ಇದನ್ನು ಶಾಲೆಯ ಲ್ಯಾಪ್‌ಟಾಪಿನಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು.

ಪೈಥಾನ್ ತೆರೆದು, 'ಕಾಸರಗೋಡು' ಅನ್ನುವ ಪದದಲ್ಲಿ ಎಷ್ಟು ಅಕ್ಷರ ಇದೆ ಅಂತ ಕೇಳಲಿ. 'ಲೆನ್' ಅನ್ನುವ ಆಜ್ಞೆ ಇದಕ್ಕೆಂದೇ ಇದೆ. ನಾವು ಎಣಿಸಿದರೆ ಐದು: ಕಾ, ಸ, ರ, ಗೋ, ಡು. ಕಂಪ್ಯೂಟರ್ 8 ಅನ್ನುತ್ತದೆ. ಮಕ್ಕಳು ಇಲ್ಲಿ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಯಾಕೆ ಎಂಟು? ಸ್ವಲ್ಪ ಹೊತ್ತು ಬಿಟ್ಟರೆ ಯಾರಾದರೊಬ್ಬರು ಕಂಡುಹಿಡಿಯುತ್ತಾರೆ. ಕಂಪ್ಯೂಟರ್ 'ಕಾ' ಅನ್ನುವುದನ್ನು ಒಂದು ಅಕ್ಷರವಾಗಿ ಇಟ್ಟುಕೊಂಡಿಲ್ಲ, 'ಕ' ಬೇರೆ, ದೀರ್ಘದ ಗುರುತು ಬೇರೆ. ಹಾಗೆಯೇ ಗೋ, ಡು. ಐದಕ್ಕೆ ಮೂರು ಗುರುತು ಸೇರಿ ಎಂಟು.

ಈಗ ಅದೇ ಪದವನ್ನು ತಿರುಗಿಸಿ ಬರೆಯಲು ಹೇಳಿ. ಡುಗೋರಸಕಾ ಅಂತ ಬರಬೇಕು, ಅಲ್ವಾ? ಆದರೆ ಪರದೆಯ ಮೇಲೆ ಸಾಮಾನ್ಯವಾಗಿ ಮೊದಲು ಒಂದು ಚುಕ್ಕಿಚುಕ್ಕಿ ವೃತ್ತ, ಅದಕ್ಕೆ ಅಂಟಿಕೊಂಡ ಉಕಾರದ ಕೊಂಬು, ಆಮೇಲೆ ಡೋಗರಸಾಕ. 'ಡು'ವಿನ ಉಕಾರ ಕಳಚಿ ಒಂಟಿಯಾಗಿ ನಿಂತಿದೆ. 'ಗೋ'ದ ಓಕಾರ ಹೋಗಿ 'ಡ'ಕಾರಕ್ಕೆ ಸೇರಿದೆ. ಕಕಾರದ ದೀರ್ಘ ಸಕಾರಕ್ಕೆ ಹೋಗಿದೆ. ಇದನ್ನು ಸರಿಮಾಡಬೇಕಾದರೆ ಮಗು ಒಂದು ನಿಯಮ ಹೇಳಬೇಕು: ಸ್ವರದ ಗುರುತು ಬಂದರೆ ಅದನ್ನು ಹಿಂದಿನ ವ್ಯಂಜನದ ಜೊತೆಗೇ ಇಟ್ಟುಕೊ, ಬಿಡಿಸಬೇಡ. ಆಮೇಲೆ 'ಬದಿಯಡ್ಕ' ಹಾಕಿ ನೋಡುತ್ತದೆ, ಒತ್ತಕ್ಷರ ಬಂದಾಗ ನಿಯಮ ಸಾಲುವುದಿಲ್ಲ. ಹಲಂತದ ಗುರುತು ಬಂದರೆ ಮುಂದಿನ ವ್ಯಂಜನವನ್ನೂ ಸೇರಿಸಿಕೊಳ್ಳಬೇಕು ಅಂತ ಇನ್ನೊಂದು ಸಾಲು ಬರೆಯಬೇಕಾಗುತ್ತದೆ. ಒಂದು ನಿಯಮ ಮಾಡುವುದು, ಅದು ಎಲ್ಲಿ ಸೋಲುತ್ತದೆ ಅಂತ ಹುಡುಕುವುದು, ತಿದ್ದುವುದು. ಪ್ರೋಗ್ರಾಮಿಂಗ್ ಅಂದರೆ ಇದೇ. ಇದಕ್ಕೆ ಬೇಕಾದ ಜ್ಞಾನ ಕನ್ನಡ ಟೀಚರ್ ಮೂರನೇ ಕ್ಲಾಸಿನಲ್ಲೇ ಕಲಿಸಿಬಿಟ್ಟಿದ್ದಾರೆ: ಕಾಗುಣಿತ, ಒತ್ತಕ್ಷರ.

ಇನ್ನೂ ಸ್ವಲ್ಪ ಮುಂದೆ ಹೋಗೋಣ. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ, ಆ ಪಟ್ಟಿಗೆ ಯುನಿಕೋಡ್ ಅನ್ನುತ್ತಾರೆ. 'ಕ'ದ ಸಂಖ್ಯೆ 3221. ಖ 3222, ಗ 3223. ಹೀಗೆ 3221ರಿಂದ ಶುರುಮಾಡಿ ವರ್ಗೀಯ ವ್ಯಂಜನ 25ನ್ನೂ ಸಾಲಾಗಿ ಬರೆಸು ಅಂತ ಎರಡು ಸಾಲಿನ ಪ್ರೋಗ್ರಾಂ ಬರೆದರೆ ಕ ಖ ಗ ಘ ಙ ಅಂತ ಬರುತ್ತಾ ಹೋಗಿ, 'ನ' ಆದಮೇಲೆ ಒಂದು ಖಾಲಿ ಚೌಕ ಬರುತ್ತದೆ. ಆಮೇಲೆ ಪ ಫ ಬ ಭ. 'ಮ' ಸಿಗುವುದೇ ಇಲ್ಲ, ಎಣಿಕೆ ಮುಗಿದಿರುತ್ತದೆ. 3241 ಅನ್ನುವ ಸ್ಥಾನ ಕನ್ನಡದಲ್ಲಿ ಖಾಲಿ. ಯಾಕೆ? ಭಾರತದ ಲಿಪಿಗಳಿಗೆಲ್ಲ ಒಂದೇ ಕ್ರಮ ಇರಲಿ ಅಂತ 1988ರ ಇಸ್ಕಿ ಅನ್ನುವ ಭಾರತೀಯ ಪಟ್ಟಿಯನ್ನು ಅನುಸರಿಸಿ ಈ ಜಾಗಗಳನ್ನು ಹಂಚಿದ್ದಾರೆ. ತಮಿಳಿನಲ್ಲಿ ಆ ಜಾಗದಲ್ಲಿ ಅವರ ಇನ್ನೊಂದು ನಕಾರ ಕೂತಿದೆ, ನಮಗೆ ಅದು ಬೇಡ, ಹಾಗಾಗಿ ಖಾಲಿ.

ಒಂದೇ ಕ್ರಮ ಅಂದೆನಲ್ಲ, ಅದರಿಂದ ಕಾಸರಗೋಡಿನ ಮಕ್ಕಳಿಗೆ ಒಂದು ಲಾಭ ಇದೆ. ಕನ್ನಡದ ಯಾವುದೇ ಅಕ್ಷರದ ಸಂಖ್ಯೆಗೆ 128 ಕೂಡಿಸಿ. ಹೆಚ್ಚುಕಮ್ಮಿ ಎಲ್ಲ ಕಡೆ ಅದೇ ಉಚ್ಚಾರದ ಮಲಯಾಳಂ ಅಕ್ಷರ ಸಿಗುತ್ತದೆ. ಕ 3221, ಮಲಯಾಳಂ ಕ 3349. ನಾಲ್ಕೈದು ಸಾಲು ಬರೆದರೆ ಕನ್ನಡ ಲಿಪಿಯನ್ನು ಮಲಯಾಳಂ ಲಿಪಿಗೆ ಬದಲಿಸುವ ಸಾಧನ ಸಿದ್ಧ. 'ಕಾಸರಗೋಡು' ಹಾಕಿದರೆ ಮಲಯಾಳಂ ಲಿಪಿಯಲ್ಲಿ ಕಾಸರಗೋಡು ಬರುತ್ತದೆ. ಆದರೆ ಬಸ್ಸಿನ ಬೋರ್ಡಿನಲ್ಲಿ ಇರುವ ಹಾಗಲ್ಲ: ಅಲ್ಲಿ ಕೊನೆಗೆ ಉಕಾರ ಇಲ್ಲ, ಚಂದ್ರಕಲೆ ಅನ್ನುವ ಅರ್ಧಚಂದ್ರದ ಗುರುತು ಇದೆ. ಅದನ್ನು ಹೇಗೆ ಸರಿಮಾಡುವುದು? ಎಲ್ಲ ಪದದ ಕೊನೆಯ ಉಕಾರವನ್ನೂ ಬದಲಿಸಿದರೆ ಆಗುತ್ತದಾ? 'ಗುರು' ಏನಾಗುತ್ತದೆ? ಇಲ್ಲಿ ಮಗು ಕೂತು ಯೋಚಿಸಬೇಕು, ಪಕ್ಕದ ಮಲಯಾಳಂ ಮೀಡಿಯಂ ಮಕ್ಕಳನ್ನು ಕೇಳಬೇಕು. ಬೆಂಗಳೂರಿನ ದೊಡ್ಡ ಶಾಲೆಯ ಮಗುವಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಿಮಗೆ ಫೋನ್ ಮಾಡುವ ಕಂಪನಿಯ ಕೋರ್ಸಿನಲ್ಲೂ ಹುಟ್ಟುವುದಿಲ್ಲ.

ಆ ಕೋರ್ಸುಗಳ ಬಗ್ಗೆ ಹೇಳಬೇಕಾದ್ದು ಇಷ್ಟೇ. ಎಲ್ಲ ಮಕ್ಕಳಿಗೂ ಒಂದೇ ಆಟ, ಒಂದೇ ಆಪ್, ಕೊನೆಗೆ ಒಂದು ಸರ್ಟಿಫಿಕೇಟು. ಪಾಠ ಮಾಡುವವರು ಹೇಳಿದಲ್ಲಿ ಮಗು ಬ್ಲಾಕ್ ಎಳೆದು ಹಾಕುತ್ತದೆ, ಆಪ್ ಓಡುತ್ತದೆ, ಅಪ್ಪ ಅಮ್ಮನಿಗೆ ಖುಷಿ. ಮರುದಿನ ಖಾಲಿ ಪರದೆ ಕೊಟ್ಟು ನೀನೇ ಏನಾದರೂ ಮಾಡು ಅಂದರೆ ಕೈ ಓಡುವುದಿಲ್ಲ. ಪುಟ್ಟ ಮಕ್ಕಳು ಕೋಡಿಂಗ್ ಕಲಿತು ಕೋಟಿ ಗಳಿಸುತ್ತಾರೆ ಅನ್ನುವ ಥರದ ಜಾಹೀರಾತುಗಳ ಮೇಲೆ 2020ರಲ್ಲಿ ದೂರು ಹೋಗಿ, ಜಾಹೀರಾತು ಮಾನದಂಡ ಮಂಡಳಿ ಹೇಳಿದ ಮೇಲೆ ಕಂಪನಿಯೊಂದು ಕೆಲವನ್ನು ಹಿಂದಕ್ಕೆ ಪಡೆದದ್ದು ಪೇಪರಿನಲ್ಲೇ ಬಂದಿತ್ತು. ಮತ್ತೆ ಕಂತು ಅಂತ ಹೇಳುವಾಗ ಜಾಗ್ರತೆ. ಎಷ್ಟೋ ಸಲ ಅದು ಬೇರೆ ಹಣಕಾಸು ಕಂಪನಿಯಲ್ಲಿ ನಿಮ್ಮ ಹೆಸರಿನಲ್ಲಿ ಮಾಡುವ ಸಾಲ. ಮಗಳು ಕ್ಲಾಸು ಬಿಟ್ಟರೂ ಸಾಲ ಬಿಡುವುದಿಲ್ಲ. ಫೋನಿನಲ್ಲಿ ಬಂದ ಒಟಿಪಿ ಹೇಳಬೇಡಿ.

ಅವಳಿಗೆ ಆಟದ ಥರ ಬ್ಲಾಕ್ ಎಳೆದು ಕಲಿಯುವುದು ಇಷ್ಟವಾದರೆ ಸ್ಕ್ರ್ಯಾಚ್ ಇದೆ. 2007ರಲ್ಲಿ ಅಮೆರಿಕದ ಎಂಐಟಿಯವರು ಬಿಟ್ಟದ್ದು, ಪೂರ್ತಿ ಉಚಿತ. ಅದು ಶಾಲೆಯ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ದುಡ್ಡು ತೆಗೆದುಕೊಳ್ಳುವ ಎಷ್ಟೋ ಕೋರ್ಸುಗಳು ಕಲಿಸುವುದು ಇದನ್ನೇ, ಇಲ್ಲವೇ ಇದರಂಥದ್ದನ್ನೇ.

ಈಗ ಶಾಲೆಗೆ ಬರೋಣ. ಇಲ್ಲಿ ನಿಮ್ಮ ದೂರು ನ್ಯಾಯವಾದದ್ದು.

ಕೇರಳದ ಶಾಲೆಗಳಿಗೆ ಸಾಮಾನು ಕಡಿಮೆ ಇಲ್ಲ. 2001ರಲ್ಲಿ ಐಟಿ ಅಟ್ ಸ್ಕೂಲ್ ಅನ್ನುವ ಸರಕಾರಿ ಯೋಜನೆ ಶುರುವಾಯಿತು, 2017ರಲ್ಲಿ ಅದೇ ಕೈಟ್ ಅನ್ನುವ ಸರಕಾರಿ ಕಂಪನಿ ಆಯಿತು. ಆಮೇಲೆ ಹೈಟೆಕ್ ಯೋಜನೆಯಲ್ಲಿ 4752 ಶಾಲೆಗಳ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂತು. ಸರಕಾರಿ, ಎಯ್ಡೆಡ್ ಎರಡಕ್ಕೂ. ಕಂಪನಿಗಳ ಲೈಸೆನ್ಸಿಗೆ ದುಡ್ಡು ಸುರಿಯದೆ ಸ್ವತಂತ್ರ ತಂತ್ರಾಂಶದಲ್ಲೇ ಇಷ್ಟು ವರ್ಷ ನಡೆಸಿಕೊಂಡು ಬಂದದ್ದು ದೇಶದಲ್ಲೇ ದೊಡ್ಡ ಕೆಲಸ, ಇದನ್ನು ಮನಸಾರೆ ಹೊಗಳುತ್ತೇನೆ. ಐಸಿಟಿ, ಅಂದರೆ ಕಂಪ್ಯೂಟರ್ ವಿಷಯದ ಪುಸ್ತಕ ಕನ್ನಡದಲ್ಲೂ ಬರುತ್ತದೆ. 2024ರಿಂದ ಏಳನೇ ಕ್ಲಾಸಿನ ಪುಸ್ತಕಕ್ಕೆ ಎಐ ಬಂದಿದೆ, 2025ರಿಂದ ಹತ್ತನೇ ಕ್ಲಾಸಿಗೆ ರೊಬೋಟಿಕ್ಸ್. ಎಲ್ಲ ಸರಿ. ಆದರೆ ಸಾಮಾನು ಬಂದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ ಅಂತ ಜಗತ್ತಿನ ಬೇರೆ ಕಡೆ ಗೊತ್ತಾಗಿದೆ. ಪೆರು ದೇಶದಲ್ಲಿ ಬಡ ಊರುಗಳ ಮಕ್ಕಳ ಕೈಗೆ ಒಂದೊಂದು ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳನ್ನು ಹೋಲಿಸಿ ನೋಡಿ 2012ರಲ್ಲಿ ವರದಿ ಬಂತು: ಗಣಿತದಲ್ಲೂ ಭಾಷೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಆದರೆ ದಿಲ್ಲಿಯಲ್ಲಿ 619 ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಶಾಲೆ ಬಿಟ್ಟ ಮೇಲೆ ನಡೆಯುವ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಪಡೆದ ಮಕ್ಕಳು ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲೂ ಹಿಂದಿಯಲ್ಲೂ ತುಂಬ ಮುಂದೆ ಬಂದರು. ವ್ಯತ್ಯಾಸ ಏನು? ಆ ತಂತ್ರಾಂಶ ಪ್ರತಿ ಮಗು ಎಲ್ಲಿದೆ ಅಂತ ಮೊದಲು ಪರೀಕ್ಷೆ ಮಾಡಿ ಅಲ್ಲಿಂದ ಪಾಠ ಕೊಡುತ್ತಿತ್ತು. ಏಳನೇ ಕ್ಲಾಸಿನ ಹುಡುಗನಿಗೆ ಭಾಗಾಕಾರ ಬಾರದಿದ್ದರೆ ಭಾಗಾಕಾರದಿಂದಲೇ. ಜೊತೆಗೆ ಕಲಿಸುವ ಮನುಷ್ಯರೂ ಇದ್ದರು. ಮಗುವಿಗೆ ಗೊತ್ತಿರುವ ಭಾಷೆಯಲ್ಲಿ ಇತ್ತು.

ಪ್ರೊಜೆಕ್ಟರಿನಲ್ಲಿ ವಿಡಿಯೋ ಹಾಕಿದರೆ ಇದು ಯಾವುದೂ ಆಗುವುದಿಲ್ಲ. ಹಿಂದಿನ ಬೆಂಚಿನ ಹುಡುಗಿಗೆ ಅರ್ಥವಾಯಿತಾ ಇಲ್ಲವಾ ಅಂತ ವಿಡಿಯೋ ನಿಂತು ಕೇಳುವುದಿಲ್ಲ. ಅದೂ ಕನ್ನಡದಲ್ಲಿ ಸಿಗದೆ ಮಲಯಾಳಂದೋ ಇಂಗ್ಲಿಷಿನದೋ ಹಾಕಿದರೆ ಮಕ್ಕಳು ಸುಮ್ನೆ ಚಿತ್ರ ನೋಡಿ ಕೂರುತ್ತಾರೆ. ಹೃದಯ ಹೇಗೆ ಬಡಿಯುತ್ತದೆ ಅಂತ ಎರಡು ನಿಮಿಷ ತೋರಿಸಿ, ನಿಲ್ಲಿಸಿ, ಬೋರ್ಡಿನಲ್ಲಿ ಬಿಡಿಸಿ ಪ್ರಶ್ನೆ ಕೇಳಿದರೆ ಆಗ ವಿಡಿಯೋದಿಂದ ಉಪಯೋಗ ಇದೆ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮೀಡಿಯಂಗೆ ಹಾಕುವ ಕಷ್ಟ ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ಅದಕ್ಕಾಗಿ ಮಕ್ಕಳೂ ಹೆತ್ತವರೂ ಎಷ್ಟು ಸಲ ಶಾಲೆ ಗೇಟಿನ ಮುಂದೆ ಕೂತಿದ್ದಾರೆ. ಐಸಿಟಿಗೆ ಇದು ಇನ್ನೂ ಕೆಟ್ಟದಾಗಿ ತಟ್ಟುತ್ತದೆ. ಪುಸ್ತಕದಲ್ಲಿ ಕನ್ನಡ, ಪರದೆಯಲ್ಲಿ ಇಂಗ್ಲಿಷ್, ಕಲಿಸುವವರ ಬಾಯಲ್ಲಿ ಮಲಯಾಳಂ. ಮೂರನ್ನೂ ಸೇರಿಸುವ ಕೆಲಸ ಮಗುವಿನ ತಲೆಗೆ ಬೀಳುತ್ತದೆ. ಸ್ಮಾರ್ಟ್ ಬೋರ್ಡಿಗೆ ಖರ್ಚು ಮಾಡುವ ಮೊದಲು ಕನ್ನಡ ಬಲ್ಲ ಒಬ್ಬ ಐಟಿ ಅಧ್ಯಾಪಕರನ್ನು ಕೊಡಿ ಅಂತ ಎಲ್ಲರೂ ಸೇರಿ ಕೇಳಬೇಕು. ನನ್ನ ಮಟ್ಟಿಗೆ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಇದಕ್ಕಿಂತ ದೊಡ್ಡ ತಂತ್ರಜ್ಞಾನ ಬೇರೆ ಇಲ್ಲ.

ಮುಂದಿನ ಪಿಟಿಎ ಮೀಟಿಂಗಿಗೆ ಹೋಗುವಾಗ ಕೆಲವು ವಿಷಯ ಕೇಳಿಕೊಂಡು ಬನ್ನಿ. ಟೈಂಟೇಬಲಿನಲ್ಲಿ ಇರುವ ಐಸಿಟಿ ಪಿರಿಯಡ್ ನಿಜವಾಗಿ ಲ್ಯಾಬಿನಲ್ಲಿ ನಡೆಯುತ್ತದಾ, ಅಥವಾ ಗಣಿತ ಮುಗಿಸಲು ಹೋಗುತ್ತದಾ? ಒಂದು ಲ್ಯಾಪ್‌ಟಾಪಿಗೆ ಎಷ್ಟು ಮಕ್ಕಳು? ಇಬ್ಬರಾದರೆ ಒಳ್ಳೆಯದೇ, ಮಾತಾಡಿಕೊಂಡು ಕಲಿಯುತ್ತಾರೆ. ಐದು ಜನ ಆದರೆ ಒಬ್ಬ ಟೈಪ್ ಮಾಡುತ್ತಾನೆ, ನಾಲ್ವರು ನೋಡುತ್ತಾರೆ, ಆ ನಾಲ್ವರಲ್ಲಿ ಹುಡುಗಿಯರೇ ಜಾಸ್ತಿ. ಇದನ್ನು ಬಿಡದೆ ಕೇಳಿ. ಹತ್ತನೇ ಕ್ಲಾಸಿನ ಐಟಿ ಪರೀಕ್ಷೆ ಕಂಪ್ಯೂಟರಿನ ಎದುರು ಕೂತೇ ಮಾಡಬೇಕು, ಮೌಸ್ ಮುಟ್ಟದವಳು ಅಲ್ಲಿ ಹೇಗೆ ಬರೆಯುತ್ತಾಳೆ? ಜೊತೆಗೆ ಲಿಟಲ್ ಕೈಟ್ಸ್ ಘಟಕ ಇದೆಯಾ ಅಂತಲೂ ಕೇಳಿ. 2018ರಲ್ಲಿ ಶುರುವಾದ ಮಕ್ಕಳ ಐಟಿ ಕ್ಲಬ್ ಅದು. ಎಂಟನೇ ಕ್ಲಾಸಿನವರಿಗೇ ಆಯ್ಕೆ ಪರೀಕ್ಷೆ ಇರುತ್ತದೆ, ಹಾಗಾಗಿ ನಿಮ್ಮ ಮಗಳಿಗೆ ಇದೇ ವರ್ಷ. ಅನಿಮೇಶನ್, ಹಾರ್ಡ್‌ವೇರ್, ಎಲೆಕ್ಟ್ರಾನಿಕ್ಸ್ ಎಲ್ಲ ಮುಟ್ಟಿ ಕಲಿಸುತ್ತಾರೆ, ದುಡ್ಡಿಲ್ಲ. ಅದರಲ್ಲಿ ಶುರುವಿನಿಂದಲೂ ಮಲಯಾಳಂ ಕಂಪ್ಯೂಟಿಂಗ್ ಅಂತ ಒಂದು ವಿಭಾಗ ಇದೆ. ಕನ್ನಡ ಶಾಲೆಗಳಲ್ಲಿ ಆ ಜಾಗದಲ್ಲಿ ಕನ್ನಡ ಕಂಪ್ಯೂಟಿಂಗ್ ಇರಲಿ ಅಂತ ಕೇಳುವುದು ನಮ್ಮ ಹಕ್ಕು.

ಕನ್ನಡ ಟೈಪಿಂಗ್ ಅಂದಕೂಡಲೇ ಕೆಲವು ಅಧ್ಯಾಪಕರು ಶಾಲೆಯ ಲಿನಕ್ಸಿನಲ್ಲಿ (ವಿಂಡೋಸ್ ಬದಲಿಗೆ ಇರುವ ಉಚಿತ ವ್ಯವಸ್ಥೆ ಅದು) ಕನ್ನಡ ಬರುವುದಿಲ್ಲ ಅನ್ನುತ್ತಾರೆ. ಬರುತ್ತದೆ. ಸೆಟ್ಟಿಂಗ್ಸಿನಲ್ಲಿ ಕೀಬೋರ್ಡ್ ಅಂತ ಹೋಗಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಅನ್ನುವ ಕೀಲಿ ಜೋಡಣೆ ಸಿಗುತ್ತದೆ, ಕಗಪ ಅಂತ ಇನ್ನೊಂದೂ ಇರುತ್ತದೆ. ಈ ಕಗಪದ ಹಿಂದೆ ಇರುವುದು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ವಿನ್ಯಾಸ. ನಮ್ಮ ಕರಾವಳಿಯ ಮನುಷ್ಯ ಮಾಡಿದ ಕೆಲಸ ಇವತ್ತು ಜಗತ್ತಿನ ಹೆಚ್ಚಿನ ಲಿನಕ್ಸ್ ಕಂಪ್ಯೂಟರುಗಳಲ್ಲೂ ಇದೆ ಅಂತ ಮಕ್ಕಳಿಗೆ ಯಾರೂ ಹೇಳುವುದಿಲ್ಲ, ಇದು ನನಗೆ ತುಂಬ ಬೇಸರದ ಸಂಗತಿ. ಎರಡರಲ್ಲಿ ಯಾವುದನ್ನಾದರೂ ಕಲಿಯಲಿ, ಆದರೆ ಯುನಿಕೋಡಿನಲ್ಲೇ ಟೈಪ್ ಮಾಡಲಿ. ಹಳೆ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದನ್ನು ನೀವೂ ನೋಡಿರಬೇಕು.

ಮನೆಯಲ್ಲಿ ನೀವೇನು ಮಾಡಬಹುದು? ಕಂಪ್ಯೂಟರ್ ಇಲ್ಲದೆಯೂ ಶುರುಮಾಡಬಹುದು. ಅಂಗಳದಲ್ಲಿ ಅಡಿಕೆ ಹೆಕ್ಕಿ ಬೇರೆ ಮಾಡುವಾಗ ಯಾವುದು ಕಡಿಮೆ ದರ್ಜೆಯ ಪಟೋರ, ಯಾವುದು ಒಳ್ಳೆಯದು ಅಂತ ಹೇಗೆ ತೀರ್ಮಾನ ಮಾಡುತ್ತೀ, ಗೊತ್ತಿಲ್ಲದವನಿಗೆ ಒಂದೊಂದೇ ಹೆಜ್ಜೆಯಾಗಿ ಬರೆದುಕೊಡು ಅನ್ನಿ. ಅವಳು ಬರೆದದ್ದನ್ನು ಹಿಡಿದು ತಮ್ಮನೋ ನೆಂಟರ ಹುಡುಗನೋ ಕೆಲಸ ಮಾಡಲಿ. ಎಲ್ಲಿ ತಪ್ಪಿತು ಅಂತ ಅವಳೇ ನೋಡಿ ತಿದ್ದಲಿ. ಬಾವಿಯ ಅಥವಾ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ವಾರಕ್ಕೊಮ್ಮೆ ಎಷ್ಟಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಕೊಡಪಾನ ತುಂಬಲು ಎಷ್ಟು ಸೆಕೆಂಡು ಬೇಕು ಅಂತ ಎಣಿಸಿದರೂ ಸಾಕು. ಡಿಸೆಂಬರಿನಿಂದ ಮೇ ತನಕ ಬರೆದದ್ದನ್ನು ಶಾಲೆಯ ಲಿಬ್ರೆ ಆಫೀಸ್ ಕ್ಯಾಲ್ಕ್ ಅನ್ನುವ ಲೆಕ್ಕದ ತಂತ್ರಾಂಶಕ್ಕೆ ಹಾಕಿ ಗ್ರಾಫ್ ಮಾಡಿದಾಗ, ಪುಸ್ತಕದ ಯಾವುದೋ ಊರಿನ ಅಂಕಿಗಳಿಗಿಂತ ಅದು ಎಷ್ಟೋ ಜಾಸ್ತಿ ಕಲಿಸುತ್ತದೆ. ಗೆರೆ ಎಲ್ಲಿ ಬಿದ್ದಿದೆ, ಯಾಕೆ ಬಿದ್ದಿದೆ, ಪಕ್ಕದ ಮನೆಯವರ ಬೋರ್‌ವೆಲ್ ಯಾವಾಗ ಆಯಿತು ಅಂತ ಅವಳೇ ಕೇಳುತ್ತಾಳೆ.

ಪೈಥಾನ್ ಶುರುವಾದ ಮೇಲೆ ತಪ್ಪಾದರೆ ಪರದೆಯಲ್ಲಿ ಇಂಗ್ಲಿಷಿನಲ್ಲಿ ಕೆಂಪು ಸಾಲು ಬರುತ್ತದೆ. ಕನ್ನಡ ಮೀಡಿಯಂ ಮಕ್ಕಳು ಹೆದರುವುದು ಇಲ್ಲಿಯೇ. ಅದಕ್ಕೆ ಒಂದು ನೋಟ್‌ಬುಕ್ ಇಡಲಿ: 'ನೇಮ್ ಎರರ್' ಬಂದರೆ ಹೆಸರನ್ನು ತಪ್ಪು ಬರೆದಿದ್ದೇನೆ ಅಥವಾ ಹೆಸರು ಕೊಡುವ ಮೊದಲೇ ಬಳಸಿದ್ದೇನೆ, 'ಇಂಡೆಂಟೇಶನ್ ಎರರ್' ಬಂದರೆ ಸಾಲಿನ ಶುರುವಿನ ಜಾಗ ಹೆಚ್ಚುಕಮ್ಮಿ ಆಗಿದೆ. ಹೀಗೆ ಅವಳ ಮಾತಿನಲ್ಲೇ ಬರೆದುಕೊಳ್ಳಲಿ. ಶಾಲೆಯಲ್ಲಿ ಪದೇ ಪದೇ ಬರುವ ತಪ್ಪುಗಳು ಹತ್ತಿಪ್ಪತ್ತು ಬಗೆಯವು, ಅಷ್ಟೇ. ಎಐ ಹತ್ತಿರ ಉತ್ತರ ಬರೆಸಿಕೊಳ್ಳುವುದು ಮಾತ್ರ ಈಗ ಬೇಡ, ಅರ್ಥವಾಗದ ತಪ್ಪನ್ನು ಕನ್ನಡದಲ್ಲಿ ಬಿಡಿಸಿ ಹೇಳು ಅಂತ ಕೇಳಿಕೊಳ್ಳಲಿ, ಅದಕ್ಕೆ ಅಡ್ಡಿಯಿಲ್ಲ.

ಲ್ಯಾಪ್‌ಟಾಪ್: ಈ ವರ್ಷ ಬೇಡ. ಅವಳು ಶಾಲೆಯಲ್ಲಿ ಶುರುಮಾಡಿದ ಕೆಲಸ ಮುಗಿಯದೆ, ಮನೆಗೆ ಬಂದೂ ಅದೇ ಯೋಚನೆಯಲ್ಲಿದ್ದರೆ ಆಗ ತೆಗೆಯಿರಿ. ಹೊಸದೇ ಬೇಕಾಗಿಲ್ಲ. ಕಂಪನಿಗಳು ಬಳಸಿ ಬಿಟ್ಟ ಹಳೆಯದು ಮಂಗಳೂರಿನಲ್ಲೂ ಕಾಸರಗೋಡಿನಲ್ಲೂ ಸಿಗುತ್ತದೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಅವಳ ಎಸ್ಸೆಸ್ಸೆಲ್ಸಿ ತನಕ ಧಾರಾಳ ಸಾಕು. ಉಬುಂಟು ಆಧಾರದ ಕೈಟ್ ಲಿನಕ್ಸ್ ಉಚಿತ, ಶಾಲೆಯ ಐಟಿ ಕೋಆರ್ಡಿನೇಟರ್ ಹತ್ತಿರ ಪೆನ್‌ಡ್ರೈವಿನಲ್ಲಿ ಕೇಳಿ ಹಾಕಿಸಿಕೊಂಡರೆ ಶಾಲೆಯಲ್ಲಿ ಇರುವ ತಂತ್ರಾಂಶಗಳೇ ಮನೆಯಲ್ಲೂ ಇರುತ್ತವೆ, ನೆಟ್ ಇಲ್ಲದೆಯೂ ಓಡುತ್ತವೆ. ತೆಗೆಯುವ ಮೊದಲು ಅಂಗಡಿಯಲ್ಲೇ ಚಾರ್ಜರ್ ತೆಗೆದು ಅರ್ಧ ಗಂಟೆ ಓಡಿಸಿ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೆಚ್ಚು, ಬ್ಯಾಟರಿ ನಿಲ್ಲದಿದ್ದರೆ ಅವಳು ಬರೆದದ್ದು ಉಳಿಯುವುದಿಲ್ಲ.